ನಳದ ನೀರು, ನ್ಯಾನೋ ಬೆಳಕು

ಹುಬ್ಬಳ್ಳಿ-ಧಾರವಾಡದ ನಳದ ನೀರಿನ ಬಗ್ಗೆ ಮಾತಾಡುವಾಗ ಎರಡು ಅಂಕಿಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ: 31.7 ಮತ್ತು 0.7. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಒಂದು ವರ್ಷ ಕಾಲ ಅವಳಿ ನಗರದ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದವು ಅವು. ಕೆಲವು ದಿನಗಳಿಗೊಮ್ಮೆ ಕೆಲವೇ ಗಂಟೆ ನೀರು ಬರುವ ಓಣಿಗಳಲ್ಲಿ ನಳದಿಂದ ಹಿಡಿದ ಮಾದರಿಗಳ ಪೈಕಿ ಶೇ 31.7ರಲ್ಲಿ ಇ. ಕೋಲಿ ಸಿಕ್ಕಿತು. ದಿನದ 24 ಗಂಟೆಯೂ ನೀರು ಬರುವ ಓಣಿಗಳಲ್ಲಿ ಶೇ 0.7ರಲ್ಲಿ ಮಾತ್ರ. ಇ. ಕೋಲಿ ಮನುಷ್ಯರ, ದನಕರುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅದು ಕುಡಿಯುವ ನೀರಿನಲ್ಲಿ ಕಂಡಿತೆಂದರೆ ಎಲ್ಲಿಯೋ ಮಲ ಸೇರಿದೆ ಎಂದರ್ಥ.

ಈ ಎರಡೂ ಬಗೆಯ ಓಣಿಗಳಿಗೆ ನೀರು ಕಳಿಸುವ ಟ್ಯಾಂಕುಗಳಲ್ಲಿ ನೀರಿನ ಗುಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಮಾಡಿ, ಕ್ಲೋರಿನ್ ಬೆರೆಸಿ ಕಳಿಸಿದ ನೀರು ಟ್ಯಾಂಕಿನವರೆಗೆ ಚೆನ್ನಾಗಿಯೇ ಬರುತ್ತದೆ. ಕೆಡುವುದು ಟ್ಯಾಂಕಿಗೂ ನಳಕ್ಕೂ ನಡುವಿನ ಕೊಳವೆಯಲ್ಲಿ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಅವಳಿ ನಗರದ 8 ವಾರ್ಡುಗಳಿಗೆ ನಿರಂತರ ನೀರು ಬಂದಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಒಂದೇ ಊರು, ಒಂದೇ ಮಳೆಗಾಲ, ಒಂದೇ ನದಿ. ಕೊಳವೆಯ ಸ್ಥಿತಿ ಮಾತ್ರ ಬೇರೆ.

ಈಗ ಇನ್ನೊಂದು ಕಡೆ ನೋಡೋಣ. ಜಗತ್ತಿನ ಪ್ರಯೋಗಾಲಯಗಳಿಂದ ಕಳೆದ ಎರಡು ದಶಕಗಳಲ್ಲಿ ಒಂದು ಹೊಸ ಭರವಸೆ ಹೊರಬರುತ್ತಿದೆ. ಬೆಳಕು ಚೆಲ್ಲುವ ನ್ಯಾನೋ ಕಣಗಳನ್ನು ಬ್ಯಾಕ್ಟೀರಿಯಾಕ್ಕೆ ಅಂಟಿಸಿ, ಅದು ಇದೆಯೋ ಇಲ್ಲವೋ ಎಂದು ಕೆಲವೇ ನಿಮಿಷಗಳಲ್ಲಿ ಹೇಳುವ ಸೆನ್ಸರ್‌ಗಳು. ಪ್ರಬಂಧಗಳ ಕೊನೆಯ ಪ್ಯಾರಾದಲ್ಲಿ ಸಾಮಾನ್ಯವಾಗಿ ಒಂದು ಮಾತಿರುತ್ತದೆ: ಬಡ ದೇಶಗಳ ಕುಡಿಯುವ ನೀರಿನ ಪರೀಕ್ಷೆಗೆ ಇದು ವರವಾಗಬಲ್ಲದು. ಆ ಮಾತನ್ನು ನಮ್ಮ ಊರಿನ ಕೊಳವೆಯ ಮುಂದೆ ನಿಲ್ಲಿಸಿ ತೂಗಿ ನೋಡಬೇಕು ಎಂಬುದು ನನ್ನ ಆಸೆ. ಇಂಥ ಸೆನ್ಸರ್ ಬೇಕೇಬೇಕು ಎನ್ನುವವರ ಬಳಿ ಗಟ್ಟಿಯಾದ ಕಾರಣಗಳಿವೆ. ಮೊದಲು ಕೊಳವೆ ಸರಿಮಾಡಿ, ಸೆನ್ಸರ್ ಆಮೇಲೆ ಎನ್ನುವವರ ಬಳಿಯೂ ಅಷ್ಟೇ ಗಟ್ಟಿಯಾದವು ಇವೆ.

ಇವತ್ತು ನೀರಿನಲ್ಲಿ ಬ್ಯಾಕ್ಟೀರಿಯಾ ಹುಡುಕುವ ರೀತಿಯನ್ನು ಮೊದಲು ನೋಡಬೇಕು. ನಳದ ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಕ್ರಿಮಿರಹಿತ ಮಾಡಿದ ಬಾಟಲಿಗೆ ಹಿಡಿಯುತ್ತಾರೆ. ಬಾಟಲಿಯಲ್ಲಿ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯಲ್ಲೂ ಬ್ಯಾಕ್ಟೀರಿಯಾ ಕೊಲ್ಲುತ್ತ ಹೋಗಿ ಲೆಕ್ಕ ತಪ್ಪಿಸಬಾರದು ಎಂದು. ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ದು, 100 ಮಿಲಿಲೀಟರ್ ನೀರನ್ನು ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ಸೋಸಿ, ಆ ಪೊರೆಯನ್ನು ಬ್ಯಾಕ್ಟೀರಿಯಾಕ್ಕೆ ಮೆಚ್ಚಿನ ಆಹಾರದ ಮೇಲೆ ಹಾಸಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಒಂದು ಜೀವಂತ ಬ್ಯಾಕ್ಟೀರಿಯಾ ಇದ್ದರೂ ಸಾಕು, 24 ಗಂಟೆಯಲ್ಲಿ ಅದು ಕಣ್ಣಿಗೆ ಕಾಣುವ ಚುಕ್ಕೆಯಾಗಿ ಬೆಳೆಯುತ್ತದೆ. ಚುಕ್ಕೆ ಎಣಿಸಿದರೆ ಲೆಕ್ಕ ಸಿಕ್ಕಿತು.

ಇನ್ನೊಂದು ವಿಧಾನದಲ್ಲಿ ನೀರಿಗೆ ಒಂದು ಪುಡಿ ಬೆರೆಸಿಡುತ್ತಾರೆ. ಇ. ಕೋಲಿ ಇದ್ದರೆ ಅದರ ಒಂದು ಕಿಣ್ವ ಆ ಪುಡಿಯಲ್ಲಿನ ರಾಸಾಯನಿಕವನ್ನು ಸೀಳುತ್ತದೆ. ಮರುದಿನ ಯುವಿ ದೀಪದ ಕೆಳಗೆ ಹಿಡಿದರೆ ನೀರು ನೀಲಿಯಾಗಿ ಹೊಳೆಯುತ್ತದೆ. ಅಂದರೆ ಬೆಳಕಿನಿಂದ ಬ್ಯಾಕ್ಟೀರಿಯಾ ಗುರುತಿಸುವುದು ನೀರಿನ ಲ್ಯಾಬಿಗೆ ಹೊಸದೇನಲ್ಲ. ಹಳ್ಳಿಗಳಲ್ಲಿ ಇನ್ನೂ ಸರಳವಾದುದಿದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳಾದ ಮಂಜ, ಮೌರ್ಯ ಮತ್ತು ರಾವ್ 1982ರಲ್ಲಿ ಪ್ರಕಟಿಸಿದ ಎಚ್2ಎಸ್ ಬಾಟಲಿ: ನೀರು ತುಂಬಿ ಮನೆಯ ಬಿಸಿಯಲ್ಲೇ ಇಟ್ಟರೆ, ಮಲ ಬೆರೆತ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಜಲಜೀವನ್ ಮಿಷನ್ ಹಳ್ಳಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟಾಗ ಅವರ ಕೈಗೆ ಬಂದ ಕಿಟ್‌ಗಳು ಇದೇ ಸರಳ ವಿಜ್ಞಾನದ ಸಾಲಿನವು.

ಇವೆಲ್ಲಕ್ಕೂ ಇರುವ ಕೊರತೆ ಒಂದೇ, ಹೊತ್ತು. ಇಂದು ಹಿಡಿದ ನೀರಿನ ಫಲಿತಾಂಶ ನಾಳೆ ಬರುತ್ತದೆ. ಅಷ್ಟರಲ್ಲಿ ಆ ನೀರು ಮಕ್ಕಳ ಹೊಟ್ಟೆ ಸೇರಿ ಆಗಿರುತ್ತದೆ.

ನ್ಯಾನೋ ಸೆನ್ಸರ್ ಈ ಹೊತ್ತನ್ನು ಉಳಿಸುತ್ತೇನೆ ಎನ್ನುತ್ತದೆ. ಅದರ ಕೆಲಸದಲ್ಲಿ ಎರಡು ಭಾಗ: ಹಿಡಿಯುವುದು, ಹೊಳೆಯುವುದು. ಹಿಡಿಯುವ ಭಾಗ ಒಂದು ಪ್ರತಿಕಾಯ ಇರಬಹುದು, ಡಿಎನ್‌ಎ ತುಣುಕು ಇರಬಹುದು, ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್ ಇರಬಹುದು. ಕೆಲವರು ಮ್ಯಾನೋಸ್ ಎಂಬ ಸಕ್ಕರೆಯನ್ನು ಬಳಸುತ್ತಾರೆ, ಏಕೆಂದರೆ ಇ. ಕೋಲಿಯ ಮೈಮೇಲಿನ ರೋಮದ ತುದಿ ಆ ಸಕ್ಕರೆಯನ್ನು ಹುಡುಕಿ ಹಿಡಿಯುತ್ತದೆ. ವ್ಯಾಂಕೊಮೈಸಿನ್ ಔಷಧವನ್ನೇ ಕೊಕ್ಕೆಯಾಗಿ ಬಳಸಿ ಬೇರೊಂದು ಗುಂಪಿನ ಬ್ಯಾಕ್ಟೀರಿಯಾ ಹಿಡಿಯುವವರೂ ಇದ್ದಾರೆ. ಹೊಳೆಯುವ ಭಾಗವೇ ನ್ಯಾನೋ ಕಣ. ಅದರ ಮೇಲೆ ಒಂದು ಬಣ್ಣದ ಬೆಳಕು ಬಿದ್ದರೆ ಅದು ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಟ್ಯೂಬ್‌ಲೈಟಿನ ಒಳಗೋಡೆಯ ಬಿಳಿ ಲೇಪ ಮಾಡುವುದೂ ಇದನ್ನೇ.

ಸಾಮಾನ್ಯ ಬಣ್ಣದ ಅಣುವಿಗಿಂತ ನ್ಯಾನೋ ಕಣ ಏಕೆ ಮೇಲು? ಅಣು ಬೇಗ ಮಂಕಾಗುತ್ತದೆ, ಕಣ ಬಹಳ ಹೊತ್ತು ಹೊಳೆಯುತ್ತದೆ. ಒಂದು ಸಿಲಿಕಾ ಕಣದೊಳಗೆ ಸಾವಿರಾರು ಬಣ್ಣದ ಅಣುಗಳನ್ನು ತುಂಬಬಹುದು. ಆಗ ಒಂದು ಬ್ಯಾಕ್ಟೀರಿಯಾಕ್ಕೆ ಅಂಟಿದ ಬೆಳಕು ಹಲವು ಪಟ್ಟಾಗುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ವೈಹೋಂಗ್ ತಾನ್ ಅವರ ತಂಡ 2004ರಲ್ಲಿ ಇದೇ ಉಪಾಯದಿಂದ ಕೊಚ್ಚಿದ ಮಾಂಸದಲ್ಲಿನ ಅಪಾಯಕಾರಿ ಇ. ಕೋಲಿಯನ್ನು 20 ನಿಮಿಷದೊಳಗೆ, ಒಂದೊಂದೇ ಕೋಶದ ಮಟ್ಟದಲ್ಲಿ ಗುರುತಿಸಿತು. ಗಾತ್ರ ಬದಲಿಸಿದರೆ ಬಣ್ಣ ಬದಲಾಗುವ ಕ್ವಾಂಟಮ್ ಡಾಟ್‌ಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. 2004ರಲ್ಲಿ, ಮಸಿಯಿಂದ ಕಾರ್ಬನ್ ನಳಿಕೆಗಳನ್ನು ಬೇರ್ಪಡಿಸುತ್ತಿದ್ದಾಗ ಅಮೆರಿಕದ ಸಂಶೋಧಕರಿಗೆ ಅನಿರೀಕ್ಷಿತವಾಗಿ ಸಿಕ್ಕ ಕಾರ್ಬನ್ ಡಾಟ್‌ಗಳು ಇನ್ನೂ ಅಗ್ಗ.

ಈ ಕಾರ್ಬನ್ ಡಾಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮಂಥ ಊರಿನ ಕಾಲೇಜಿಗೂ ಕೈಗೆಟುಕುವ ನ್ಯಾನೋ ಪದಾರ್ಥ ಅದು. ನಿಂಬೆರಸವನ್ನು ಉಕ್ಕಿನ ಮುಚ್ಚಿದ ಪಾತ್ರೆಯಲ್ಲಿ 200 ಡಿಗ್ರಿಯ ಆಸುಪಾಸು ಕೆಲವು ಗಂಟೆ ಕಾಯಿಸಿದರೂ ಆಗುತ್ತದೆ. ಹೊರಬರುವುದು ಕಷಾಯದಂಥ ಕಂದು ದ್ರವ. ಸೋಸಿ, ತೆಳುಮಾಡಿ, ಗಾಜಿನ ಸೀಸೆಯಲ್ಲಿ ಹಿಡಿದರೆ ಮಾಮೂಲಿ ದ್ರವ. ಕೋಣೆಯ ದೀಪ ಆರಿಸಿ ಯುವಿ ಟಾರ್ಚ್ ಹಚ್ಚಿದರೆ ಅದೇ ಸೀಸೆ ತಿಳಿನೀಲಿಯಾಗಿ ಬೆಳಗುತ್ತದೆ. ಅದನ್ನು ಮೊದಲ ಸಲ ನೋಡಿದ ಎಂಎಸ್ಸಿ ವಿದ್ಯಾರ್ಥಿಯ ಮುಖ ನೋಡಬೇಕು! ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನ ಸಂಶೋಧಕರೂ ಮಾದರಿ ತಂದು ಅಳೆಸಿಕೊಳ್ಳಬಹುದಾದ ಉಪಕರಣ ಕೇಂದ್ರವಿದೆ. 2016ರಿಂದ ಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಇಂಥ ಸಂಶೋಧನೆಗೆ ಬೇಕಾದ ಕೈಗಳು, ಕಣ್ಣುಗಳು ಇಪ್ಪತ್ತು ಕಿಲೋಮೀಟರ್ ಅಂತರದಲ್ಲೇ ಇವೆ.

ಸೆನ್ಸರ್ ಬೇಕು ಎನ್ನುವವರ ಅತಿ ಬಲವಾದ ಸಾಕ್ಷ್ಯವೂ ಹುಬ್ಬಳ್ಳಿ-ಧಾರವಾಡದ್ದೇ. ಕುಂಪೆಲ್ ಮತ್ತು ನೆಲ್ಸನ್ 2014ರಲ್ಲಿ ಪ್ರಕಟಿಸಿದ ಎರಡನೆಯ ಅಧ್ಯಯನದಲ್ಲಿ 11 ಜಾಗಗಳಲ್ಲಿ ನೀರು ಬಿಟ್ಟ ಕ್ಷಣದಿಂದ ನಿಲ್ಲುವವರೆಗೆ ಏನಾಗುತ್ತದೆ ಎಂದು ಹಿಂಬಾಲಿಸಿದರು. ಮೊದಲು ಬರುವ ನೀರು ಕೆಸರಾಗಿಯೂ ಬ್ಯಾಕ್ಟೀರಿಯಾ ತುಂಬಿಯೂ ಇರುತ್ತದೆ. ದಿನಗಟ್ಟಲೆ ಖಾಲಿ ಬಿದ್ದ ಕೊಳವೆಯೊಳಗೆ ಒಡಕು ಜೋಡಣೆಗಳಿಂದ ಪಕ್ಕದ ಗಟಾರದ ನೀರು ಜಿನುಗಿರುತ್ತದೆ. ಒಳಗೋಡೆಯ ಲೋಳೆ ಸಡಿಲವಾಗಿರುತ್ತದೆ. ವಾಲ್ವ್ ತಿರುಗಿಸಿದಾಗ ಎಲ್ಲವೂ ಒಮ್ಮೆಗೇ ತಳ್ಳಿಕೊಂಡು ಬರುತ್ತದೆ. ಆಮೇಲೆ ನೀರು ತಿಳಿಯಾಗಬಹುದು, ನಡುವೆ ಒತ್ತಡ ಕುಸಿದರೆ ಮತ್ತೆ ಕೆಡಬಹುದು. ನಳ ಬಂತು ಎಂದ ಕೂಡಲೇ ಕೊಡ, ಬ್ಯಾರಲ್, ಹಂಡೆ ಸಾಲಿಗಿಟ್ಟು ತುಂಬಿಕೊಳ್ಳುವ ಮನೆಯಾಕೆಗೆ ಇದರಲ್ಲಿ ಯಾವ ಕೊಡದ ನೀರು ಕುಡಿಯಲು ಯೋಗ್ಯ, ಯಾವುದು ಬಳಸಲು ಮಾತ್ರ ಎಂದು ಹೇಳುವ ಲ್ಯಾಬ್ ಇವತ್ತು ಎಲ್ಲೂ ಇಲ್ಲ. ಗಂಟೆಯೊಳಗೆ ಏರಿಳಿಯುವ ಸಂಗತಿಯನ್ನು 24 ಗಂಟೆಯ ಪರೀಕ್ಷೆ ಹಿಡಿಯಲಾರದು. ತಿಂಗಳಿಗೆ ಕೆಲವೇ ಮಾದರಿ ತೆಗೆದು ನೀರು ಚೆನ್ನಾಗಿದೆ ಎಂಬ ವರದಿ ಬರೆಯುವುದು ಇಂಥ ಊರಿನಲ್ಲಿ ಬಹಳ ಸುಲಭ. ನಿಮಿಷಗಳಲ್ಲಿ ಉತ್ತರ ಕೊಡುವ, ಓಣಿಯ ಕೊನೆಯ ನಳದಲ್ಲಿ ನಿಲ್ಲಿಸಬಹುದಾದ ಸಾಧನವಿದ್ದರೆ ಯಾವ ಜೋಡಣೆ ಸೋರುತ್ತಿದೆ ಎಂದು ಬೆನ್ನಟ್ಟಿ ಹಿಡಿಯಬಹುದು.

ಈ ವಾದ ನನಗೆ ಒಪ್ಪಿಗೆ. ಆದರೆ ಪ್ರಬಂಧಗಳಲ್ಲಿನ ಅಂಕಿಯನ್ನು ಕೈಗೆತ್ತಿಕೊಂಡಾಗ ತೊಡಕು ಶುರುವಾಗುತ್ತದೆ.

ಭಾರತೀಯ ಮಾನಕ ಐಎಸ್ 10500 ಹೇಳುವುದು ಇಷ್ಟು: ಕುಡಿಯುವ ನೀರಿನ ಯಾವುದೇ 100 ಮಿಲಿಲೀಟರ್ ಮಾದರಿಯಲ್ಲಿ ಒಂದೂ ಇ. ಕೋಲಿ ಕಾಣಬಾರದು. ನ್ಯಾನೋ ಸೆನ್ಸರ್‌ಗಳ ಬಗ್ಗೆ ಬರುವ ಎಷ್ಟೋ ಪ್ರಬಂಧಗಳು ಹೆಮ್ಮೆಯಿಂದ ಹೇಳುವ ಮಿತಿ ಒಂದು ಮಿಲಿಲೀಟರಿಗೆ 100 ಕೋಶಗಳ ಆಸುಪಾಸು. ಅಂದರೆ 100 ಮಿಲಿಲೀಟರಿನಲ್ಲಿ 10,000. ಅದಕ್ಕಿಂತ ಕಡಿಮೆ ಇದ್ದರೆ ಸೆನ್ಸರ್ ಸುಮ್ಮನಿರುತ್ತದೆ, ಮಾನಕದ ಪ್ರಕಾರ ಆ ನೀರು ಹೊಲಸೇ ಆಗಿದ್ದರೂ. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಸುಕಿ ನೋಡುವ ಪದ್ಧತಿ ಇಲ್ಲಿ ನಡೆಯುವುದಿಲ್ಲ; ಹನಿ ನೀರಿನಲ್ಲಿ ಏನೂ ಇಲ್ಲದೆ ತಂಬಿಗೆಯಲ್ಲಿ ನಾಲ್ಕಿರಬಹುದು. ಆ ನಾಲ್ಕನ್ನು ಹಿಡಿಯಲು ಮೊದಲು ಸೋಸಿಯೋ, ಕಾಂತೀಯ ಮಣಿಗಳಿಂದ ಎಳೆದೋ ಒಂದೆಡೆ ಗುಡ್ಡೆ ಹಾಕಬೇಕು. ಇಲ್ಲವೇ ಕೆಲವು ಗಂಟೆ ಬೆಳೆಸಬೇಕು. ಆಗ 20 ನಿಮಿಷದ ಪರೀಕ್ಷೆ ಅರ್ಧ ದಿನದ್ದಾಗುತ್ತದೆ. ಅರ್ಧ ದಿನವೂ ಒಂದು ದಿನಕ್ಕಿಂತ ಒಳ್ಳೆಯದೇ. ಆದರೆ ಬೆಲೆ, ಸಲಕರಣೆ, ತರಬೇತಿ ಎಲ್ಲವನ್ನೂ ಆಗ ಹೊಸದಾಗಿ ಲೆಕ್ಕ ಹಾಕಬೇಕು.

ಎರಡನೆಯ ತೊಡಕು ಸತ್ತ ಬ್ಯಾಕ್ಟೀರಿಯಾದ್ದು. ಕ್ಲೋರಿನ್ ಕೊಂದ ಇ. ಕೋಲಿಯ ಹೊರಮೈ ತಕ್ಷಣ ಕರಗಿಹೋಗುವುದಿಲ್ಲ. ಪ್ರತಿಕಾಯ ಆ ಹೆಣಕ್ಕೂ ಅಂಟಿಕೊಳ್ಳುತ್ತದೆ, ಕಣ ಹೊಳೆಯುತ್ತದೆ, ಸೆನ್ಸರ್ ಅಪಾಯ ಎನ್ನುತ್ತದೆ. ಕ್ಲೋರಿನ್ ಸರಿಯಾಗಿ ಕೆಲಸ ಮಾಡಿದ ನೀರಿಗೇ ಹೊಲಸು ಎಂಬ ಹಣೆಪಟ್ಟಿ ಬಿದ್ದಂತಾಯಿತು. ಇದಕ್ಕೆ ಸೆನ್ಸರ್ ಪರ ಇರುವವರ ಉತ್ತರವೂ ಇದೆ, ಅದು ಹಗುರವಾದುದಲ್ಲ: ಬೆಳೆಸುವ ಪರೀಕ್ಷೆಯೂ ಪೂರ್ತಿ ಸತ್ಯ ಹೇಳುವುದಿಲ್ಲ, ಕ್ಲೋರಿನ್ ಪೆಟ್ಟು ತಿಂದು ಅರೆಜೀವವಾಗಿರುವ ಕೋಶಗಳು ತಟ್ಟೆಯ ಮೇಲೆ ಬೆಳೆಯದೆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಒಂದು ಹೆಚ್ಚು ಹೇಳುತ್ತದೆ, ಇನ್ನೊಂದು ಕಡಿಮೆ ಹೇಳುತ್ತದೆ.

ಮೂರನೆಯದು ನಮ್ಮ ನೀರಿನದೇ ಗುಣ. ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಬ್ಯಾಕ್ಟೀರಿಯಾ ಬೆರೆಸಿ ಸೆನ್ಸರನ್ನು ಪರೀಕ್ಷಿಸುತ್ತಾರೆ. ಮಳೆಗಾಲದ ಮಲಪ್ರಭೆಯ ನೀರಿನಲ್ಲಿ ಮಣ್ಣಿದೆ, ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ಪದಾರ್ಥಗಳಿವೆ. ಯುವಿ ಬೆಳಕಿನಲ್ಲಿ ಆ ಪದಾರ್ಥಗಳೂ ನೀಲಿಯಾಗಿ ಹೊಳೆಯುತ್ತವೆ. ಸುಲಭವಾಗಿ ತಯಾರಾಗುವ ಬಹುಪಾಲು ಕಾರ್ಬನ್ ಡಾಟ್‌ಗಳ ಹೊಳಪೂ ನೀಲಿಯೇ. ಯಾವ ನೀಲಿ ಯಾರದು? ಜೊತೆಗೆ ಕ್ಲೋರಿನ್ ಕಾರ್ಬನ್ ಡಾಟ್‌ನ ಹೊಳಪನ್ನು ಕುಂದಿಸುತ್ತದೆ. ಎಷ್ಟರ ಮಟ್ಟಿಗೆ ಎಂದರೆ, ನೀರಿನಲ್ಲಿನ ಕ್ಲೋರಿನ್ ಅಳೆಯಲೆಂದೇ ಕಾರ್ಬನ್ ಡಾಟ್ ಬಳಸಿದ ಸಂಶೋಧನೆಗಳಿವೆ. ನಿಂಬೆರಸದಿಂದ ಇಂದು ಮಾಡಿದ ಡಾಟ್‌ಗೂ ಮುಂದಿನ ತಿಂಗಳು ಮಾಡಿದ್ದಕ್ಕೂ ಬಣ್ಣ, ಹೊಳಪು ಒಂದೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಅಗ್ಗವಾಗಿ ತಯಾರಾಗುವುದೇ ಅದರ ಬಲ. ಒಂದೇ ಸಮ ತಯಾರಾಗದಿರುವುದು ಅದರ ಬಲಹೀನತೆ. ಇನ್ನು ಹೊಳಪು ಸ್ಥಿರವಾಗಿರುವ ಒಳ್ಳೆಯ ಕ್ವಾಂಟಮ್ ಡಾಟ್‌ಗಳಲ್ಲಿ ಅನೇಕವು ಕ್ಯಾಡ್ಮಿಯಂನಿಂದ ಆದವು. ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.003 ಮಿಲಿಗ್ರಾಂ ಮೀರಬಾರದೆಂದು ಅದೇ ಐಎಸ್ 10500 ಹೇಳುತ್ತದೆ. ಬಳಸಿ ಬಿಸಾಕಿದ ಪಟ್ಟಿಗಳು ಕೊನೆಗೆ ಯಾವ ಗಟಾರ ಸೇರುತ್ತವೆ ಎಂದು ಕೇಳದೆ ಅವುಗಳನ್ನು ಓಣಿಗೆ ತರುವಂತಿಲ್ಲ.

ಇವು ವಿಜ್ಞಾನದ ತೊಡಕುಗಳು. ಇವತ್ತಲ್ಲ ನಾಳೆ ಬಿಡಿಸಿಕೊಳ್ಳಬಹುದಾದವು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. 2014ರ ಅಧ್ಯಯನದಲ್ಲೇ ಇನ್ನೊಂದು ಸಾಲಿದೆ. ಕೊಳವೆಯ ಒತ್ತಡ 10 ಪಿಎಸ್‌ಐಗಿಂತ ಕೆಳಗಿದ್ದಾಗ, ನೀರಿನಲ್ಲಿ ಕ್ಲೋರಿನ್ ಇದ್ದರೂ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಸಿಕ್ಕವು. 10ರಿಂದ 20ರ ನಡುವೆ ಆಗಾಗ ಸಿಕ್ಕವು. 20 ಪಿಎಸ್‌ಐಗಿಂತ ಮೇಲಿದ್ದು, ಕ್ಲೋರಿನ್ ಉಳಿದಿದ್ದ ನೀರಿನಲ್ಲಿ ಇ. ಕೋಲಿ ಒಂದೂ ಸಿಗಲಿಲ್ಲ. 20 ಪಿಎಸ್‌ಐ ಎಂದರೆ ನೀರನ್ನು ಸುಮಾರು 14 ಮೀಟರ್ ಎತ್ತರಕ್ಕೆ ಏರಿಸುವ ಒತ್ತಡ. ಅಂದಮೇಲೆ ಈ ಊರಿನಲ್ಲಿ ನ್ಯಾನೋ ಸೆನ್ಸರಿಗೆ ನಿಜವಾದ ಪ್ರತಿಸ್ಪರ್ಧಿ ಲ್ಯಾಬಿನ ಇನ್‌ಕ್ಯುಬೇಟರ್ ಅಲ್ಲವೇ ಅಲ್ಲ. ಕೊಳವೆಗೆ ತಿರುಪಿ ಕೂಡಿಸುವ ಒತ್ತಡ ಮಾಪಕ, ಮತ್ತು ನೀರಿಗೆ ಹಾಕಿದ ಕೂಡಲೇ ಗುಲಾಬಿ ಬಣ್ಣ ತೋರಿ ಕ್ಲೋರಿನ್ ಉಳಿದಿದೆ ಎನ್ನುವ ಡಿಪಿಡಿ ಮಾತ್ರೆ. ಎರಡೂ ಹಳೆಯವು, ಅಗ್ಗದವು, ಅಂಗಡಿಯಲ್ಲಿ ಸಿಗುವಂಥವು. ಓದಲು ಪದವಿ ಬೇಡ. ಪ್ರತಿ ಓಣಿಯ ಕೊನೆಯಲ್ಲಿ ಇವೆರಡರ ಲೆಕ್ಕ ಇಟ್ಟರೆ ಎಲ್ಲಿ ನೀರು ಕೆಡುವ ಸಂಭವ ಹೆಚ್ಚು ಎಂಬುದರ ನಕ್ಷೆ ಒಂದೇ ಮಳೆಗಾಲದಲ್ಲಿ ಸಿದ್ಧವಾಗುತ್ತದೆ.

ಆದರೂ ಮಾಪಕ ಹೇಳುವುದು ಸಂಭವವನ್ನು ಮಾತ್ರ. ಒತ್ತಡ ಕಡಿಮೆ ಇರುವ ಹತ್ತು ಓಣಿಗಳಲ್ಲಿ ಯಾವುದಕ್ಕೆ ಗಟಾರ ನಿಜವಾಗಿ ಸೇರುತ್ತಿದೆ ಎಂದು ಅದು ಹೇಳಲಾರದು. ನೀರು ಸಾಲದೆ ನಳಕ್ಕೇ ಮೋಟರ್ ಹಚ್ಚಿ ಎಳೆಯುವ ಮನೆಗಳಿರುವ ಕಡೆ ಒತ್ತಡ ಗಳಿಗೆಗೊಮ್ಮೆ ಬದಲಾಗುತ್ತದೆ. ಒಂದು ಮಾಪಕದ ಮುಳ್ಳು ಆ ಕತೆಯನ್ನೆಲ್ಲ ಬರೆದುಕೊಳ್ಳುವುದಿಲ್ಲ. ನಕ್ಷೆಯಲ್ಲಿ ಕೆಂಪಾದ ಹತ್ತು ಓಣಿಗಳಿಗೆ ಸೆನ್ಸರ್ ಒಯ್ದು, ಅಗೆಯಬೇಕಾದ ಎರಡನ್ನು ಆರಿಸುವುದಾದರೆ ಅಲ್ಲಿ ಅದರ ವೇಗ ಸಾರ್ಥಕ. ಅಂಥ ಹುಡುಕಾಟದಲ್ಲಿ 100 ಮಿಲಿಲೀಟರಿಗೆ ಒಂದು ಎಂಬ ಸೂಕ್ಷ್ಮತೆಯೂ ಕಡ್ಡಾಯವಲ್ಲ. ಗಟಾರ ನೇರವಾಗಿ ಬೆರೆತ ನೀರಿನಲ್ಲಿ ಬ್ಯಾಕ್ಟೀರಿಯಾ ಸಾವಿರ, ಲಕ್ಷಗಟ್ಟಲೆ ಇರಬಲ್ಲವು. ಇದೇ ಕೆಲಸಕ್ಕೆ ನ್ಯಾನೋ ಕಣವೇ ಬೇಕಿಲ್ಲ ಎನ್ನುವ ಗುಂಪೂ ಒಂದಿದೆ. ಮಲ ಬೆರೆತ ನೀರು 280 ನ್ಯಾನೋಮೀಟರಿನ ಬೆಳಕು ಬಿದ್ದಾಗ 350ರ ಸುತ್ತ ತಾನೇ ಹೊಳೆಯುತ್ತದೆ, ಟ್ರಿಪ್ಟೊಫ್ಯಾನ್‌ನಂಥ ಪದಾರ್ಥಗಳ ದೆಸೆಯಿಂದ. ಆ ಸಹಜ ಹೊಳಪನ್ನೇ ಅಳೆಯುವ ಸಲಾಕೆಗಳನ್ನು ಭಾರತದ ಅಂತರ್ಜಲದಲ್ಲೂ ಸಂಶೋಧಕರು ಪರೀಕ್ಷಿಸಿದ್ದಾರೆ.

ನಳ ದಾಟಿ ಮನೆಯೊಳಗೆ ಹೋದರೆ ಲೆಕ್ಕ ಮತ್ತೆ ಬದಲಾಗುತ್ತದೆ. 24 ಗಂಟೆ ನೀರು ಬರುವ ಮನೆಗಳಲ್ಲೂ ಜನ ಕುಡಿಯುವ ನೀರು ತುಂಬಿಡುವುದನ್ನು ಬಿಟ್ಟಿರಲಿಲ್ಲ, ತುಂಬಿಟ್ಟ ನೀರು ನಳದ ನೀರಿಗಿಂತ ಹೊಲಸಾಗಿತ್ತು ಎಂದು ಆ ಮೊದಲ ಅಧ್ಯಯನವೇ ಹೇಳಿದೆ. ದಶಕಗಳ ಕಾಲ ನೀರಿಗಾಗಿ ಕಾದವರು ಒಂದೆರಡು ವರ್ಷದಲ್ಲಿ ನಳವನ್ನು ನಂಬಿಬಿಡಬೇಕು ಎನ್ನುವುದು ತಪ್ಪು. ಆಯ್ಶೆ ಎರ್ಜುಮೆನ್ ಮತ್ತು ಸಂಗಡಿಗರು ಅವಳಿ ನಗರದ ಎರಡೂ ಬಗೆಯ ವಾರ್ಡುಗಳಲ್ಲಿ 3,900ಕ್ಕೂ ಹೆಚ್ಚು ಕುಟುಂಬಗಳನ್ನು ಅಧ್ಯಯನ ಮಾಡಿ 2015ರಲ್ಲಿ ಬರೆದ ವರದಿಯಲ್ಲಿ ಎರಡು ಬಗೆಯ ಸುದ್ದಿಯಿದೆ. ನಿರಂತರ ನೀರು ಬಂದ ಕಡೆ ಟೈಫಾಯ್ಡ್ ಕಂಡ ಮನೆಗಳು ಶೇ 42ರಷ್ಟು ಕಡಿಮೆ. ಬಡ ಕುಟುಂಬದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ. ಆದರೆ ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಭೇದಿ ತರುವ ವೈರಸ್‌ಗಳಿವೆ, ಕೈಯಿಂದ, ನೊಣದಿಂದ, ಅಂಗಳದಿಂದ ಬರುವ ದಾರಿಗಳಿವೆ. ಇ. ಕೋಲಿ ಹುಡುಕುವ ಎಷ್ಟೇ ಚುರುಕಾದ ಸೆನ್ಸರ್ ಆದರೂ ಆ ದಾರಿಗಳನ್ನು ನೋಡುವುದಿಲ್ಲ.

ಇಂಥದೇ ಸೆನ್ಸರನ್ನು ಆಸ್ಪತ್ರೆಗೆ ಒಯ್ದರೆ ಮಾತು ಬೇರೆಯೇ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದೆಲ್ಲ ಕಿಮ್ಸ್‌ಗೆ ರೋಗಿಗಳು ಬರುತ್ತಾರೆ. ರಕ್ತಕ್ಕೆ ಸೋಂಕು ಹರಡಿ ಬಿಪಿ ಕುಸಿದವರಿಗೆ ಸರಿಯಾದ ಆಂಟಿಬಯೊಟಿಕ್ ಒಂದೊಂದು ಗಂಟೆ ತಡವಾದಂತೆಲ್ಲ ಬದುಕುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿಯುತ್ತ ಹೋಗಿದ್ದನ್ನು 2006ರ ಒಂದು ದೊಡ್ಡ ಅಧ್ಯಯನ ತೋರಿಸಿತು. ರಕ್ತದ ಕಲ್ಚರ್ ವರದಿಗೆ ಎರಡು ಮೂರು ದಿನ. ಇಲ್ಲಿ ನಿಮಿಷಗಳಲ್ಲಿ ಹೇಳುವ ಸಾಧನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಷ್ಟವೂ ಇಲ್ಲೇ ಅತಿ ಹೆಚ್ಚು. ಅಂಥ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟೋ ಸಲ ಇರುವುದು ಒಂದೆರಡೇ ಬ್ಯಾಕ್ಟೀರಿಯಾ; ಸುತ್ತ ಕೋಟ್ಯಂತರ ರಕ್ತಕಣಗಳು. ಮೇಲಾಗಿ ವೈದ್ಯರಿಗೆ ಬೇಕಾದ್ದು ಯಾವ ಬ್ಯಾಕ್ಟೀರಿಯಾ ಎಂಬುದಕ್ಕಿಂತ ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದು. ಆ ಉತ್ತರಕ್ಕೆ ಜೀವಂತ ಬ್ಯಾಕ್ಟೀರಿಯಾವನ್ನು ಔಷಧದೆದುರು ಇಟ್ಟು ನೋಡಲೇಬೇಕು. ನ್ಯಾನೋ ಕಣಗಳ ಹೊಳಪಿನಿಂದ ಆ ಬೆಳವಣಿಗೆಯನ್ನು ಬೇಗ ಓದುವ ಪ್ರಯತ್ನಗಳು ನಡೆದಿವೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಬೆಲೆಬಾಳುವ ಪ್ರಯತ್ನ ಅದೇ.

ಪ್ರಯೋಗಾಲಯದ ಬೆಳಕು ತಾಲ್ಲೂಕು ಆಸ್ಪತ್ರೆಗೆ ಬಂದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕ್ಷಯರೋಗ ಪತ್ತೆಯ ಟ್ರೂನ್ಯಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಹುಟ್ಟಿತು. ರೋಗಾಣುವಿನ ಡಿಎನ್‌ಎಯನ್ನು ಹೆಚ್ಚಿಸಿ, ಹೊಳೆಯುವ ಅಣುಗಳಿಂದ ಗುರುತಿಸಿ ಗಂಟೆಯ ಆಸುಪಾಸಿನಲ್ಲಿ ಫಲಿತಾಂಶ ಕೊಡುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಬಂದದ್ದು 2020ರಲ್ಲಿ. ಕೆಲಸ ಶುರುವಾಗಿ ಅಷ್ಟರಲ್ಲಿ ಎರಡು ದಶಕದ ಹತ್ತಿರವಾಗಿತ್ತು. ಆ ವರ್ಷಗಳಲ್ಲಿ ಎಷ್ಟೋ ನಿಜವಾದ ರೋಗಿಗಳ ಕಫದ ಮೇಲೆ, ಹಳೆಯ ಪರೀಕ್ಷೆಯ ಪಕ್ಕದಲ್ಲಿಟ್ಟು ಸಾಬೀತುಮಾಡಲು ಹೋದವು. ಬಹುಪಾಲು ನ್ಯಾನೋ ಸೆನ್ಸರ್‌ಗಳು ಇನ್ನೂ ಆ ದಾರಿಯ ಮೊದಲ ಮೈಲಿಗಲ್ಲಿನಲ್ಲಿವೆ.

ಮಾಹಿತಿ ಬಂದರೂ ಅದು ತಲುಪಬೇಕಾದವರಿಗೆ ತಲುಪುತ್ತದೆಯೇ ಎಂಬ ಪ್ರಶ್ನೆಗೂ ಹುಬ್ಬಳ್ಳಿಯೇ ಪಾಠಶಾಲೆ. ನೀರು ಯಾವಾಗ ಬರುತ್ತದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ನೆಕ್ಸ್ಟ್‌ಡ್ರಾಪ್ ಸಂಸ್ಥೆ ಕೆಲಸ ಆರಂಭಿಸಿದ್ದು ಇಲ್ಲಿ. ವಾಲ್ವ್ ತಿರುಗಿಸುವವರು ಫೋನ್ ಮಾಡಿ ತಿಳಿಸಿದರೆ ಸಂದೇಶ ಮನೆಗಳಿಗೆ ಹೋಗುತ್ತಿತ್ತು. ಸಂಸ್ಥೆ ಬೆಂಗಳೂರಿಗೆ ಹೋದ ಮೇಲೆ ಅಲ್ಲಿ ನಡೆದ ಅಧ್ಯಯನ ತೋರಿಸಿದ್ದು, ವಾಲ್ವ್‌ಮನ್‌ಗಳಿಂದ ವರದಿ ಬಾರದ ಕಡೆ ಇಡೀ ಸರಪಳಿ ಅಲ್ಲೇ ತುಂಡಾಗುತ್ತಿತ್ತು ಎಂಬುದನ್ನು. ದಿನವಿಡೀ ಓಣಿ ಓಣಿ ಸುತ್ತಿ, ನೀರು ಬಾರದವರ ಬೈಗುಳ ಕೇಳಿ, ಅದರ ಮೇಲೆ ಇನ್ನೊಂದು ಕೆಲಸ ಹೊರುವವರಿಗೆ ಅದರಿಂದ ಏನು ಅನುಕೂಲ ಎಂದು ಕೇಳಬೇಕಲ್ಲವೇ? ಸೆನ್ಸರ್ ಕೆಂಪು ತೋರಿಸಿದ ದಿನ ವಾಲ್ವ್ ಮುಚ್ಚುವ ಅಧಿಕಾರ ಯಾರಿಗೆ, ಮುಚ್ಚಿದರೆ ಆ ಓಣಿಗೆ ಟ್ಯಾಂಕರ್ ಕಳಿಸುವುದು ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇಲ್ಲವಾದರೆ ವಾರ ಕಾದು ಬಂದ ನೀರನ್ನು ಹೊಲಸೆಂದು ತಿಳಿದೂ ಯಾರೂ ಚೆಲ್ಲುವುದಿಲ್ಲ.

ತೂಗಿ ನೋಡಿದ ಮೇಲೆ ನನ್ನ ನಿಲುವು ಹೀಗೆ. ಸಾರ್ವಜನಿಕ ಹಣದ ಮೊದಲ ಪಾಲು ಕೊಳವೆ, ಒತ್ತಡ ಮಾಪಕ, ಕ್ಲೋರಿನ್‌ಗೆ ಹೋಗಬೇಕು. 31.7ಕ್ಕೂ 0.7ಕ್ಕೂ ನಡುವಿನ ಅಂತರ ಸದಾ ತುಂಬಿದ ಕೊಳವೆಯದು. ಸೆನ್ಸರ್ ಸಂಶೋಧನೆಗೆ ಕೊಡುವ ಹಣ ವ್ಯರ್ಥ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಇಡೀ ಅವಳಿ ನಗರದ ಪ್ರತಿ ಕೊಳವೆಯೂ ಹಗಲುರಾತ್ರಿ ತುಂಬಿರುವ ದಿನ ಬರುವತನಕ ಸೋರುವ ಜೋಡಣೆಗಳನ್ನು ಹುಡುಕುವ ಕೆಲಸ ಇದ್ದೇ ಇರುತ್ತದೆ. ಬಂದ ಮೇಲೂ ಇರುತ್ತದೆ.

ಹಾಗಾಗಿ ಧಾರವಾಡದ ಸಂಶೋಧಕರಿಗೆ ನನ್ನ ಕೋರಿಕೆ ಇಷ್ಟು. ಸೆನ್ಸರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಪರೀಕ್ಷಿಸಿ ಅಲ್ಲಿಗೇ ನಿಲ್ಲಿಸಬೇಡಿ. ಜುಲೈ ತಿಂಗಳಲ್ಲಿ, ವಾಲ್ವ್ ತಿರುಗಿಸಿದ ಮೊದಲ ಗಳಿಗೆಯ ನೀರನ್ನು, ಓಣಿಯ ಕೊನೆಯ ನಳದಿಂದ ಹಿಡಿಯಿರಿ. ಅದೇ ನಳದ ನೀರನ್ನು ಅರ್ಧ ಗಂಟೆಯ ಮೇಲೆ ಮತ್ತೊಮ್ಮೆ, ನೀರು ನಿಲ್ಲುವ ಮುನ್ನ ಮಗದೊಮ್ಮೆ ಹಿಡಿಯಿರಿ. ಪ್ರತಿ ಸಲವೂ ಒತ್ತಡ ಬರೆದುಕೊಳ್ಳಿ, ಕ್ಲೋರಿನ್ ಬರೆದುಕೊಳ್ಳಿ, ಒಂದು ಬಾಟಲಿ ಇನ್‌ಕ್ಯುಬೇಟರಿಗೆ ಕಳಿಸಿ. ಸೆನ್ಸರ್ ಹೇಳಿದ್ದು, ಮಾಪಕ ಹೇಳಿದ್ದು, ತಟ್ಟೆಯ ಮೇಲೆ ಬೆಳೆದದ್ದು ಮೂರನ್ನೂ ಒಂದೇ ಕೋಷ್ಟಕದಲ್ಲಿ ಪ್ರಕಟಿಸಿ, ಸೆನ್ಸರ್ ಸೋತ ದಿನಗಳನ್ನೂ ಬಿಡದೆ. ಮಾಪಕಕ್ಕೆ ಗೊತ್ತಾಗದ್ದು ಸೆನ್ಸರಿಗೆ ಎಷ್ಟು ಸಲ ಗೊತ್ತಾಯಿತು ಎಂಬ ಒಂದು ಅಂಕಿ ಅದರಲ್ಲಿ ಸಿಗುತ್ತದೆ. ಮಹಾನಗರ ಪಾಲಿಕೆ ಈ ಸಾಧನವನ್ನು ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯನ್ನು ಆ ಅಂಕಿ ಇಟ್ಟುಕೊಂಡು ಶುರುಮಾಡಬಹುದು.